600 ಪದಗಳ ಪ್ರೇಮಕಥೆ: ಇಬ್ಬರ ನಡುವಿನ ಸೆಳೆತವನ್ನು ಓದುಗರು ನಂಬುವಂತೆ ಬರೆಯುವುದು ಹೇಗೆ?

ಅತಿ ಸಣ್ಣ ಪ್ರೇಮಕಥೆಗಳು ಸೋಲುವುದು ಹೆಚ್ಚಾಗಿ ಒಂದೇ ಕಡೆ. ಅವನಿಗೆ ಅವಳೇ ಯಾಕೆ, ಅವಳಿಗೆ ಅವನೇ ಯಾಕೆ ಎಂಬ ಪ್ರಶ್ನೆಗೆ ಕಥೆಯೊಳಗೆ ಉತ್ತರವೇ ಇರುವುದಿಲ್ಲ. ಇಬ್ಬರು ಎದುರಾದರು, ಕಣ್ಣು ಕಣ್ಣು ಸೇರಿತು, ಪ್ರೀತಿಯಾಯಿತು ಎಂದು ಲೇಖಕರು ಹೇಳುತ್ತಾರೆ. ಓದುವವರು ಆಗಲಿ ಬಿಡಿ ಎಂದು ಮುಂದಿನ ಪುಟಕ್ಕೆ ಹೋಗುತ್ತಾರೆ.

ಕಾದಂಬರಿಗೆ ಈ ತೊಂದರೆ ಇಷ್ಟಿಲ್ಲ. ಅಲ್ಲಿ ಪಾತ್ರಗಳ ಜೊತೆ ಗಂಟೆಗಟ್ಟಲೆ ಇರುತ್ತೇವೆ, ಆ ಒಡನಾಟವೇ ಅರ್ಧ ಕೆಲಸ ಮಾಡುತ್ತದೆ. ಪದೇ ಪದೇ ಎದುರಾಗುವುದರ ಮೇಲೆ, ಬೇರೆ ಕಾರಣ ಇಲ್ಲದಿದ್ದರೂ, ಒಲವು ಬೆಳೆಯುತ್ತದೆ ಎಂದು ಮನೋವಿಜ್ಞಾನಿ ರಾಬರ್ಟ್ ಜಾಯಾನ್ಸ್ 1968ರಲ್ಲೇ ತೋರಿಸಿದ್ದರು. ಐದು ನಿಮಿಷದಲ್ಲಿ ಓದಿ ಮುಗಿಸುವ ಕಥೆಗೆ ಆ ಅನುಕೂಲ ಇಲ್ಲ. ಹಾಗಾಗಿ ಇಲ್ಲಿ ಬೇರೆ ದಾರಿ ಹಿಡಿಯಬೇಕು. ಉಳಿದವರೆಲ್ಲ ಗಮನಿಸದೆ ದಾಟಿಹೋದ ಯಾವುದೋ ಒಂದನ್ನು ಒಬ್ಬರು ಇನ್ನೊಬ್ಬರಲ್ಲಿ ಗಮನಿಸುತ್ತಾರೆ, ಗಮನಿಸಿದ್ದರಿಂದ ತಾವು ನಡೆದುಕೊಳ್ಳುವ ರೀತಿ ಬದಲಿಸುತ್ತಾರೆ. ಸಣ್ಣ ಕಥೆಯಲ್ಲಿ ಸೆಳೆತ ಅಂದರೆ ಇಷ್ಟೇ. ಮುಂದಿನ ಹಂತಗಳೆಲ್ಲ ಈ ಒಂದನ್ನು ಸಾಧಿಸಲು.

ಮೊದಲು ಅಳತೆ

1000 ಪದದೊಳಗಿನದನ್ನು ಸಾಮಾನ್ಯವಾಗಿ ಕಿರುಗತೆ ಎನ್ನುತ್ತೇವೆ. ಸರಿಯಾಗಿ 100 ಪದಕ್ಕೇ ಮುಗಿಯಬೇಕಾದ ಡ್ರ್ಯಾಬಲ್ ಇದೆ, 55 ಪದದ ಕಥೆಗಳೂ ಇವೆ. ಕಲಿಯುವುದಕ್ಕೆ 600 ಪದ ಒಳ್ಳೆಯ ಅಳತೆ. ಕನ್ನಡದಲ್ಲಿ ವಿಭಕ್ತಿ, ಕಾಲ, ಲಿಂಗ, ವಚನ ಎಲ್ಲವೂ ಒಂದೇ ಪದಕ್ಕೆ ಅಂಟಿಕೊಂಡು ಬರುವುದರಿಂದ 600 ಪದಗಳಲ್ಲಿ ಸಾಕಷ್ಟು ಹೇಳಬಹುದು.

ಈ ಅಳತೆಗೆ ಹಿಡಿಸುವುದು ಎರಡು ಪಾತ್ರ, ಒಂದು ಸ್ಥಳ, ಹೆಚ್ಚೆಂದರೆ ಎರಡು ಭೇಟಿ. ಮೂರನೆಯ ವ್ಯಕ್ತಿ ಬೇಕಾದರೆ ಒಂದೆರಡು ಮಾತು ಆಡಿ ಸುಮ್ಮನಾಗಬೇಕು. ಮೊದಲ ಭೇಟಿಯಿಂದ ಮದುವೆಯವರೆಗೆ ಹೋಗುವ ಆಸೆ ಬಿಡಿ, ಅಷ್ಟು ದೂರ ಓಡಿದರೆ ಕಥೆ ಸಾರಾಂಶವಾಗುತ್ತದೆ. ಸಿಡುಕಿನಿಂದ ಕುತೂಹಲಕ್ಕೆ, ಕುತೂಹಲದಿಂದ ನಂಬಿಕೆಗೆ, ನಂಬಿಕೆಯಿಂದ ಬಾಯಿಬಿಟ್ಟು ಹೇಳುವ ಧೈರ್ಯಕ್ಕೆ ಹೀಗೆ ಪ್ರೀತಿಯಲ್ಲಿ ಹಲವು ತಿರುವುಗಳಿವೆ. ನಿಮ್ಮ ಕಥೆಗೆ ಅವುಗಳಲ್ಲಿ ಒಂದು ಸಾಕು. ಬರೆಯಲು ಕೂರುವ ಮುನ್ನವೇ ಯಾವುದು ಎಂದು ನಿರ್ಧರಿಸಿ ಹಾಳೆಯ ಮೇಲೆ ಬರೆದಿಟ್ಟುಕೊಳ್ಳಿ.

ಹಂತ 1: ಪ್ರತಿ ಪಾತ್ರಕ್ಕೆ ನಾಲ್ಕು ಸಾಲು

ಹುಟ್ಟಿದ ಊರು, ಎತ್ತರ, ಕಣ್ಣಿನ ಬಣ್ಣ ಇವೆಲ್ಲ ಬೇಡ. ಒಬ್ಬೊಬ್ಬರಿಗೂ ನಾಲ್ಕೇ ಪ್ರಶ್ನೆ ಹಾಕಿ: ಇವರು ಯಾವುದರಲ್ಲಿ ನುರಿತವರು? ದಿನನಿತ್ಯ ಬಿಡದೆ ಮಾಡುವ ಅಭ್ಯಾಸ ಯಾವುದು? ಇವರಿಗೆ ಸಿಗದೆ ಉಳಿದದ್ದು ಏನು? ಯಾವ ಕೆಲಸ ಇವರಿಗೆ ಸುಲಭಕ್ಕೆ ಆಗುವುದಿಲ್ಲ?

ಈ ಲೇಖನದುದ್ದಕ್ಕೂ ಒಂದೇ ಉದಾಹರಣೆ ಬೆಳೆಸೋಣ. ನಾಟಕದ ತಾಲೀಮು ನಡೆಯುತ್ತಿದೆ. ಸುಧಾ ಪ್ರಾಂಪ್ಟರ್, ನಟರು ಮಾತು ಮರೆತರೆ ಪಕ್ಕದಿಂದ ಎತ್ತಿಕೊಡುವವಳು. ಯಾರು ಯಾವಾಗ ತಡವರಿಸುತ್ತಾರೆ ಎಂದು ಮೊದಲೇ ಗ್ರಹಿಸುವುದರಲ್ಲಿ ನುರಿತವಳು. ಯಾರಾದರೂ ಅರೆಗಳಿಗೆ ಸುಮ್ಮನಾದರೂ ಅವಳ ಬಾಯಿಂದ ಸಾಲು ಹೊರಬಿದ್ದಿರುತ್ತದೆ. ಎಲ್ಲರಿಗೂ ಅವಳು ಬೇಕು, ಆದರೆ ಅವಳ ಹತ್ತಿರ ಬಂದು ಕೂತು ಮಾತಾಡಿದವರಿಲ್ಲ. ಅವಳಿಂದ ಆಗದ ಕೆಲಸವೆಂದರೆ ಸುಮ್ಮನೆ ಕಾಯುವುದು.

ವಿನಯ ನಟ. ನಾಟಕದ ಅಷ್ಟೂ ಮಾತು ಒಂದು ವಾರದಲ್ಲಿ ಬಾಯಿಪಾಠ ಮಾಡುವವನು. ತಾಲೀಮು ಮುಗಿದ ಮೇಲೆ ಒಬ್ಬನೇ ಕುರ್ಚಿ ಜೋಡಿಸಿಟ್ಟು ಹೋಗುತ್ತಾನೆ. ತಂದೆಯ ಜೊತೆ ಆಡಬೇಕಿದ್ದ ಮಾತೊಂದು ಆಡದೆ ಉಳಿದಿದೆ. ಅವನಿಂದ ಆಗದ್ದು, ಸಹಾಯ ಕೇಳುವುದು.

ಇಲ್ಲಿ ಗಮನಿಸಬೇಕಾದ್ದು ಒಂದಿದೆ. ಒಬ್ಬರಿಗೆ ಆಗದ ಕೆಲಸವೇ ಇನ್ನೊಬ್ಬರಿಗೆ ಬೇಕಾದದ್ದು. ವಿನಯನಿಗೆ ಬೇಕಾಗಿರುವುದು ತನಗಾಗಿ ಕಾಯುವವರು, ಸುಧಾಳಿಗೆ ಬೇಕಾಗಿರುವುದು ಕೆಲಸವಿಲ್ಲದಿದ್ದರೂ ತನ್ನ ಬಳಿ ಬರುವವರು. ಈ ಎರಡು ಪಟ್ಟಿಗಳು ಹೀಗೆ ಒಂದಕ್ಕೊಂದು ಕೊಂಡಿ ಹಾಕಿಕೊಳ್ಳುವವರೆಗೆ ಕಥೆ ಶುರುಮಾಡಬೇಡಿ. ಕೊಂಡಿ ಇಲ್ಲದಿದ್ದರೆ ಆಮೇಲೆ ಎಷ್ಟು ಚಂದದ ವಾಕ್ಯ ಬರೆದರೂ ಪ್ರಯೋಜನವಿಲ್ಲ.

ಪಾತ್ರ ತೀರಾ ಪರಿಪೂರ್ಣವಾದರೂ ಸೆಳೆತ ಸಾಯುತ್ತದೆ. 1966ರಲ್ಲಿ ಮನೋವಿಜ್ಞಾನಿ ಎಲಿಯಟ್ ಆರನ್ಸನ್ ಮತ್ತು ಸಂಗಡಿಗರು ಒಂದು ಪ್ರಯೋಗ ಮಾಡಿದರು. ರಸಪ್ರಶ್ನೆಗೆ ಉತ್ತರಿಸುವವರ ಧ್ವನಿಮುದ್ರಣವನ್ನು ಜನರಿಗೆ ಕೇಳಿಸಿದರು, ಕೆಲವು ಮುದ್ರಣಗಳಲ್ಲಿ ಆ ವ್ಯಕ್ತಿ ಕೊನೆಗೆ ತನ್ನ ಮೇಲೆ ಕಾಫಿ ಚೆಲ್ಲಿಕೊಳ್ಳುತ್ತಾನೆ. ಹೆಚ್ಚುಕಡಿಮೆ ಎಲ್ಲಕ್ಕೂ ಸರಿಯುತ್ತರ ಕೊಟ್ಟ ಜಾಣ ಕಾಫಿ ಚೆಲ್ಲಿಕೊಂಡಾಗ ಕೇಳುಗರಿಗೆ ಇನ್ನಷ್ಟು ಇಷ್ಟವಾದ. ಸಾಧಾರಣವಾಗಿ ಉತ್ತರಿಸಿದವನು ಚೆಲ್ಲಿಕೊಂಡಾಗ ಇಷ್ಟ ಕಡಿಮೆಯಾಯಿತು. ಅಂದರೆ ಮೊದಲು ನೈಪುಣ್ಯ, ಆಮೇಲೆ ಎಡವಟ್ಟು, ಈ ಕ್ರಮ ತಪ್ಪಬಾರದು. ಬಂದ ಕೂಡಲೇ ಎಡವಿ ಬೀಳುವ, ಫೈಲು ಚೆಲ್ಲಾಡುವ ನಾಯಕಿ ಮುದ್ದಾಗಿ ಕಾಣುತ್ತಾಳೆಂದು ಬರೆಯುವವರು ಮರೆಯುವುದು ಇದನ್ನೇ. ಇಡೀ ನಾಟಕ ಬಾಯಿಗೆ ಬರುವ ವಿನಯ ಒಂದೇ ಒಂದು ಸಾಲಿನಲ್ಲಿ ನಿಂತುಹೋಗುತ್ತಾನೆ. ಆ ಒಂದು ಸಾಲಿಗೆ ತೂಕ ಬರುವುದು ಉಳಿದದ್ದೆಲ್ಲ ಅವನಿಗೆ ಬರುತ್ತದೆ ಎಂಬುದರಿಂದ.

ಹಂತ 2: ವಾಡಿಕೆ ತೋರಿಸಿ, ಆಮೇಲೆ ಮುರಿಯಿರಿ

ನಾಲ್ಕು ಸಾಲಿನಲ್ಲಿರುವ ಅಭ್ಯಾಸ ಸುಮ್ಮನೆ ಬಣ್ಣಕ್ಕಲ್ಲ. ಒಬ್ಬ ವ್ಯಕ್ತಿ ಎಂದೂ ಮಾಡುವುದನ್ನು ಈ ಒಬ್ಬರ ಮುಂದೆ ಮಾಡದೆ ಬಿಟ್ಟರೆ, ಅಥವಾ ಎಂದೂ ಮಾಡದ್ದನ್ನು ಇವರಿಗಾಗಿ ಮಾಡಿದರೆ, ಆಗ ಓದುವವರಿಗೆ ಒಳಗೇನೋ ಅಲುಗಾಡಿದ್ದು ಗೊತ್ತಾಗುತ್ತದೆ. ಆದರೆ ವಾಡಿಕೆ ಏನೆಂದು ಮೊದಲೇ ತಿಳಿದಿರಬೇಕು. ಮೊದಲ 80 ಪದದೊಳಗೆ ಒಂದೇ ವಾಕ್ಯದಲ್ಲಿ ಅದನ್ನು ಇಟ್ಟುಬಿಡಿ: ‘ಯಾರಾದರೂ ಉಸಿರು ಎಳೆದುಕೊಂಡರೆ ಸಾಕು, ಸುಧಾ ಸಾಲು ಹೇಳಿಬಿಡುತ್ತಿದ್ದಳು.’ ಇಷ್ಟಾದರೆ 400ನೇ ಪದದ ಹತ್ತಿರ ಅವಳು ಸುಮ್ಮನಿದ್ದದ್ದು ದೊಡ್ಡ ಘಟನೆಯಾಗುತ್ತದೆ, ಅದಕ್ಕೆ ವಿವರಣೆಯೂ ಬೇಕಾಗುವುದಿಲ್ಲ.

ಎದೆ ಝಲ್ಲೆಂದಿತು, ಮೈಯಲ್ಲಿ ಮಿಂಚು ಹರಿಯಿತು, ಜನ್ಮಾಂತರದ ನಂಟು ಅನ್ನಿಸಿತು ಎಂಬ ಮಾತುಗಳು ಕೆಲಸ ಮಾಡದಿರುವುದೂ ಇದಕ್ಕೇ. ಅವು ಯಾರಿಗೆ ಬೇಕಾದರೂ ಯಾರ ಮೇಲೆ ಬೇಕಾದರೂ ಆಗಬಹುದಾದವು. ಮುರಿದ ವಾಡಿಕೆ ಈ ಇಬ್ಬರದೇ.

ಹಂತ 3: ಗಮನವನ್ನು ಮೂರು ಮೆಟ್ಟಿಲಲ್ಲಿ ಇಳಿಸಿ

ಕಥೆಯ ಜೀವ ಇರುವುದು ಇಲ್ಲಿ. ಒಬ್ಬರು ಇನ್ನೊಬ್ಬರನ್ನು ನೋಡುವುದನ್ನು ಮೂರು ಸಲ ತೋರಿಸಿ, ಪ್ರತಿ ಸಲ ಒಂದು ಮೆಟ್ಟಿಲು ಆಳಕ್ಕೆ.

ಮೊದಲನೆಯದು ಎಲ್ಲರಿಗೂ ಕಾಣುವುದು: ವಿನಯ ಮೂರನೇ ದೃಶ್ಯದಲ್ಲಿ ನಿಂತುಬಿಡುತ್ತಾನೆ. ಎರಡನೆಯದು ಹತ್ತಿರದಿಂದ ನೋಡಿದವರಿಗೆ ಕಾಣುವುದು: ಪ್ರತಿ ಸಲವೂ ಅದೇ ಸಾಲು, ತಂದೆಗೆ ತಪ್ಪೊಪ್ಪಿಕೊಳ್ಳುವ ಸಾಲು. ಮೂರನೆಯದು ಈ ಕೆಲಸ ಮಾಡುವ ಈ ವ್ಯಕ್ತಿಗೆ ಮಾತ್ರ ಕಾಣುವುದು: ಮರೆತ ನಟರು ಪ್ರಾಂಪ್ಟರ್ ಕಡೆ ನೋಡುತ್ತಾರೆ, ಇವನು ನೆಲ ನೋಡುತ್ತಿದ್ದಾನೆ. ಹಾಗಾದರೆ ಇವನು ಮರೆತಿಲ್ಲ.

ಮೂರನೇ ಮೆಟ್ಟಿಲಿಗೆ ಪಾತ್ರದ ವೃತ್ತಿಜ್ಞಾನವೇ ಆಸರೆ. ದರ್ಜಿಯ ಕಣ್ಣಿಗೆ ಹೊಲಿಗೆ ಕಾಣುತ್ತದೆ, ದಾದಿಯ ಕಣ್ಣಿಗೆ ನಡಿಗೆಯ ನೋವು, ಪ್ರೂಫ್ ನೋಡುವವರ ಕಣ್ಣಿಗೆ ಒಂದು ಪದವನ್ನು ಹೊಡೆದು ಮತ್ತೆ ಬರೆದದ್ದು. ನಿಮ್ಮ ಪಾತ್ರ ಮಾಡುವ ಕೆಲಸ ನಿಮಗೆ ಚೆನ್ನಾಗಿ ಗೊತ್ತಿರಲಿ, ಇಲ್ಲವಾದರೆ ಗೊತ್ತಿರುವವರನ್ನು ಕೇಳಿ. ಈ ಮೆಟ್ಟಿಲಲ್ಲಿ ಊಹೆ ನಡೆಯುವುದಿಲ್ಲ.

ಸಾಮಾನ್ಯವಾಗಿ ಬರುವ ಕರಡು ಹೀಗಿರುತ್ತದೆ:

‘ವಿನಯ ಮಾತು ಮರೆತು ನಿಂತ. ಅವನ ಕಣ್ಣುಗಳಲ್ಲಿ ಆಳವಾದ ನೋವಿತ್ತು. ಸುಧಾಳಿಗೆ ಅವನ ಮೇಲೆ ಏನೋ ಹೇಳಲಾಗದ ಭಾವನೆ ಉಕ್ಕಿ ಬಂತು. ಅವಳಿಗೆ ಅವನ ನೋವು ಅರ್ಥವಾಯಿತು.’

ನೋವು ಎಂಥದ್ದು, ಅವಳಿಗೇ ಯಾಕೆ ಅರ್ಥವಾಯಿತು, ಅರ್ಥವಾಗಿ ಅವಳು ಏನು ಮಾಡಿದಳು ಎಂಬ ಮೂರೂ ಇಲ್ಲಿಲ್ಲ. ಅದೇ ಜಾಗವನ್ನು ಹೀಗೆ ಬರೆಯಬಹುದು:

‘ಅಪ್ಪಾ,’ ಎಂದ ವಿನಯ. ನಿಂತ.

ಸುಧಾಳ ಬೆರಳು ಸಾಲಿನ ಮೇಲಿತ್ತು. *ಆ ದಿನ ಬಾಗಿಲು ಹಾಕಿದ್ದು ನಾನೇ.* ಐದೇ ಪದ. ಮರೆತವರು ಅವಳ ಕಡೆ ನೋಡುತ್ತಾರೆ. ಇವನು ನೆಲ ನೋಡುತ್ತಿದ್ದ.

‘ಪ್ರಾಂಪ್ಟ್!’ ಎಂದರು ನಿರ್ದೇಶಕರು.

ಅವಳು ಬಾಯಿ ತೆರೆಯಲಿಲ್ಲ.

‘ಏನಮ್ಮ ಸುಧಾ, ನಿದ್ದೆನಾ?’

ಬೆರಳು ಕದಲಲಿಲ್ಲ.

‘ಆ ದಿನ,’ ಎಂದ ವಿನಯ, ‘ಬಾಗಿಲು ಹಾಕಿದ್ದು ನಾನೇ.’

ಭಾವನೆಯ ಹೆಸರು ಒಂದೂ ಇಲ್ಲ. ಅವನ ಹಿನ್ನೆಲೆಯನ್ನೂ ಹೇಳಿಲ್ಲ, ನಾಟಕದ ಸಾಲೇ ಅದನ್ನು ಹೊತ್ತಿದೆ. ಹಿನ್ನೆಲೆಗೆ ಇಡೀ ಕಥೆಯಲ್ಲಿ ಎರಡು ವಾಕ್ಯ ಮೀರಬಾರದು ಎಂಬುದು ಒಳ್ಳೆಯ ಮಿತಿ.

ಹಂತ 4: ಅಡ್ಡಿ ಒಳಗಿನಿಂದ ಬರಲಿ, ಬೆಲೆ ಇರಲಿ

ಅವಳ ಜೊತೆ ಇದ್ದವನು ಪ್ರಿಯಕರ ಅಂದುಕೊಂಡೆ, ನೋಡಿದರೆ ಅಣ್ಣ! ಇಂಥ ತಪ್ಪುತಿಳಿವಳಿಕೆಯ ಅಡ್ಡಿ ಒಂದು ಪ್ರಶ್ನೆ ಕೇಳಿದರೆ ಕರಗಿಹೋಗುತ್ತದೆ. ಆ ಪ್ರಶ್ನೆ ಯಾಕೆ ಕೇಳಲಿಲ್ಲ ಎಂದು ಓದುವವರಿಗೆ ಸಿಟ್ಟು ಬರುತ್ತದೆ. ಅಪಘಾತ, ಕಾಯಿಲೆ, ಹಠಾತ್ ಸಾವು ಇವು ಇನ್ನೂ ದುರ್ಬಲ, ಯಾಕೆಂದರೆ ಆ ಕಣ್ಣೀರು ಈ ಇಬ್ಬರಿಗಾಗಿ ಬಂದದ್ದಲ್ಲ.

ಮೊದಲ ಹಂತದ ನಾಲ್ಕನೇ ಪ್ರಶ್ನೆಗೆ ಬರೆದ ಉತ್ತರವೇ ನಿಮ್ಮ ಅಡ್ಡಿ. ಸುಧಾ ಕಾಯಲಾರಳು, ವಿನಯ ಕೇಳಲಾರ. ತಿರುವಿನ ಜಾಗದಲ್ಲಿ ಒಬ್ಬರು ತಮ್ಮಿಂದ ಆಗದ್ದನ್ನು ಮಾಡಬೇಕು, ಅದಕ್ಕೆ ಏನಾದರೂ ತೆರಬೇಕು. ಸುಧಾ ಎಲ್ಲರೆದುರು ಬೈಸಿಕೊಂಡಳು, ತನ್ನ ಒಂದೇ ಕೆಲಸದಲ್ಲಿ ತಪ್ಪಿತಸ್ಥೆಯಾಗಿ ಕಂಡಳು. ಈ ಸಣ್ಣ ಬೆಲೆಯೇ ನಂಬಿಕೆ ಹುಟ್ಟಿಸುತ್ತದೆ. ಬೆಲೆ ವಿಪರೀತ ದೊಡ್ಡದಾಗುವುದೂ ಬೇಡ. ಅವನಿಗಾಗಿ ಕೆಲಸವನ್ನೇ ಬಿಟ್ಟಳು ಎಂದರೆ 600 ಪದ ಆ ಭಾರ ಹೊರುವುದಿಲ್ಲ.

ಆರಂಭದಲ್ಲಿ ಒಂದಿಷ್ಟು ಒರಟುತನವಿದ್ದರೆ ಒಳ್ಳೆಯದು. ಮೊದಲಿನಿಂದ ಕೊನೆಯವರೆಗೂ ನಮ್ಮನ್ನು ಮೆಚ್ಚಿದವರಿಗಿಂತ, ಮೊದಲು ಮೆಚ್ಚದೆ ಬರಬರುತ್ತಾ ಮೆಚ್ಚಿದವರು ನಮಗೆ ಹೆಚ್ಚು ಇಷ್ಟವಾಗುತ್ತಾರೆ ಎಂದು ಆರನ್ಸನ್ ಮತ್ತು ಡಾರ್ವಿನ್ ಲಿಂಡರ್ 1965ರ ಪ್ರಯೋಗದಲ್ಲಿ ಕಂಡುಕೊಂಡಿದ್ದರು. ಮೊದಲ ಭೇಟಿಯಲ್ಲಿ ವಿನಯ, ‘ನಾನೇನೂ ಮರೆತಿರಲಿಲ್ಲ’ ಎಂದು ಸಿಡುಕಲಿ. ಅಷ್ಟೇ ಸಾಕು. ಒರಟುತನ ಅವಮಾನವಾಗಬಾರದು, ಬೆದರಿಕೆಯಾಗಬಾರದು. ಬೇಡವೆಂದ ಮೇಲೂ ಬೆನ್ನು ಹತ್ತುವುದನ್ನು, ದಾರಿ ಅಡ್ಡಗಟ್ಟುವುದನ್ನು, ಕೇಳದೆ ಮುಟ್ಟುವುದನ್ನು ಪ್ರೀತಿಯ ಗುರುತಾಗಿ ಬರೆಯಲೇಬೇಡಿ. ಸಣ್ಣ ಕಥೆಯಲ್ಲಿ ಅದನ್ನು ತಿದ್ದಿಕೊಳ್ಳುವ ಜಾಗವಿಲ್ಲ. ಇನ್ನೊಂದು ಪಾತ್ರಕ್ಕೆ ಬೇಡ ಅನ್ನುವ ಹಕ್ಕಿಲ್ಲದ ಮೇಲೆ ಅವರ ಹೂಂ ಎನ್ನುವುದಕ್ಕೂ ಅರ್ಥವಿರುವುದಿಲ್ಲ.

ಹಂತ 5: ಮಾತು ಬೇರೆ ಯಾವುದರ ಬಗ್ಗೆಯೋ ಇರಲಿ

ಸೆಳೆತವಿರುವ ಇಬ್ಬರು ಸೆಳೆತದ ಬಗ್ಗೆ ಮಾತಾಡುವುದಿಲ್ಲ, ಕೈಯಲ್ಲಿರುವ ಕೆಲಸದ ಬಗ್ಗೆ ಮಾತಾಡುತ್ತಾರೆ. ತಾಲೀಮು ಮುಗಿದ ಮೇಲೆ ವಿನಯ ಕೇಳುತ್ತಾನೆ, ಸುಧಾ ಉತ್ತರಿಸುತ್ತಾಳೆ:

‘ಆ ಸಾಲು ಸಿಗಲಿಲ್ವಾ ನಿಮಗೆ?’

‘ಸಿಕ್ಕಿತ್ತು.’

ಇಲ್ಲಿಗೆ ನಿಲ್ಲಿಸಿ. ‘ಸಿಕ್ಕಿತ್ತು, ಆದರೆ ನೀವೇ ಹೇಳಲಿ ಅಂತ ಕಾದೆ, ನಿಮ್ಮ ಕಷ್ಟ ನನಗೆ ಗೊತ್ತಾಯಿತು’ ಎಂದು ಬರೆದರೆ ಓದುವವರಿಗೆ ಮಾಡಲು ಏನೂ ಉಳಿಯುವುದಿಲ್ಲ. ಎರಡು ಮಾತಿನ ನಡುವಿನ ಅಂತರವನ್ನು ತಾವೇ ತುಂಬಿಕೊಂಡಾಗ ಅವರು ಕಥೆಯನ್ನು ನಂಬುತ್ತಾರೆ.

600 ಪದದಲ್ಲಿ ಸಂಭಾಷಣೆ 150ರಿಂದ 200 ಪದ ಇರಲಿ. ಒಂದು ಮಾತು 10–12 ಪದ ದಾಟಿದರೆ ಅನುಮಾನಿಸಿ. ಒಬ್ಬರು ತಮ್ಮ ಒಳಗಿನದೇನನ್ನಾದರೂ ಬಿಚ್ಚಿಟ್ಟರೆ ಇನ್ನೊಬ್ಬರೂ ಅಷ್ಟೇ ಬಿಚ್ಚಿಡಬೇಕು. 1997ರಲ್ಲಿ ಮನೋವಿಜ್ಞಾನಿ ಆರ್ಥರ್ ಆರನ್ ಮತ್ತು ಸಂಗಡಿಗರು ಪರಿಚಯವಿಲ್ಲದವರನ್ನು ಇಬ್ಬಿಬ್ಬರಂತೆ ಕೂರಿಸಿ, ಬರಬರುತ್ತಾ ಆಳಕ್ಕಿಳಿಯುವ 36 ಪ್ರಶ್ನೆಗಳಿಗೆ ಸರದಿಯಲ್ಲಿ ಉತ್ತರಿಸಲು ಹೇಳಿದರು. ಸುಮಾರು 45 ನಿಮಿಷದ ಈ ಮಾತುಕತೆ ಲೋಕಾಭಿರಾಮದ ಹರಟೆಗಿಂತ ಹೆಚ್ಚು ಆಪ್ತತೆ ತಂದಿತು. ಅದರಿಂದ ಕಥೆಗಾರರು ಎತ್ತಿಕೊಳ್ಳಬೇಕಾದವು ಸರದಿ ಮತ್ತು ಏರಿಕೆ. ಒಬ್ಬರೇ ತಮ್ಮ ಕಥೆಯನ್ನೆಲ್ಲ ಹೇಳಿಕೊಂಡು ಇನ್ನೊಬ್ಬರು ತಲೆಯಾಡಿಸುವ ದೃಶ್ಯ ಪ್ರೇಮಕಥೆಯಾಗಿ ಕಾಣುವುದಿಲ್ಲ, ಅಹವಾಲಿನಂತೆ ಕಾಣುತ್ತದೆ.

ಕನ್ನಡದಲ್ಲಿ ಬರೆಯುವವರ ಕೈಯಲ್ಲಿ ಇನ್ನೊಂದು ಬಲವಾದ ಸಾಧನವಿದೆ. ‘ನೀವು’ ಇದ್ದದ್ದು ‘ನೀನು’ ಆಗುವ ಕ್ಷಣ. ಕಥೆಯುದ್ದಕ್ಕೂ ಬಹುವಚನ ಕಾಪಾಡಿಕೊಂಡು ಬಂದು ಒಂದೇ ಒಂದು ಕಡೆ, ತಿರುವಾದ ಮೇಲೆ, ಜಾರಿಸಿ. ಅದರ ಬಗ್ಗೆ ನಿರೂಪಕರು ಏನೂ ಹೇಳಬಾರದು. ಬರೆಯುವಾಗ ಎಚ್ಚರ ತಪ್ಪಿ ನಡುವೆ ಎಲ್ಲೋ ‘ನೀನು’ ನುಸುಳಿದ್ದರೆ ಈ ಪರಿಣಾಮ ಪೂರ್ತಿ ಹಾಳು. ಅದಕ್ಕೆ ಕರಡಿನಲ್ಲಿ ಸರ್ವನಾಮಗಳನ್ನೂ ‘ಬಂದ್ರಿ’, ‘ಬಂದೆ’ ಎಂಬಂಥ ಕ್ರಿಯಾಪದದ ಕೊನೆಗಳನ್ನೂ ಒಂದೊಂದಾಗಿ ಪರೀಕ್ಷಿಸಿ. ಸರ್ವನಾಮ ಬಿಟ್ಟಿದ್ದರೂ ಕ್ರಿಯಾಪದ ಗುಟ್ಟು ಬಿಟ್ಟುಕೊಡುತ್ತದೆ.

ಹಂತ 6: ಇನ್ನೊಂದು ಕಡೆಯ ಮನಸ್ಸು

ದೃಷ್ಟಿಕೋನ ಒಬ್ಬರದೇ ಇರಲಿ. ಸುಧಾಳ ಕಣ್ಣಿಂದ ನೋಡುತ್ತಿದ್ದವರು ನಡುವೆ ವಿನಯನ ತಲೆಯೊಳಗೆ ಜಿಗಿದರೆ ಇಬ್ಬರ ನಡುವಿನ ಗುಟ್ಟು ಮುಗಿದುಹೋಗುತ್ತದೆ.

ಹಾಗಾದರೆ ವಿನಯನಿಗೂ ಒಲವಿದೆ ಎಂದು ತಿಳಿಸುವುದು ಹೇಗೆ? ಮತ್ತೆ ವಾಡಿಕೆಯೇ. ಎಲ್ಲ ಕುರ್ಚಿಗಳನ್ನೂ ಜೋಡಿಸಿಡುವ ವಿನಯ ಆ ದಿನ ಅವಳ ಪಕ್ಕದ ಕುರ್ಚಿಯನ್ನು ಹಾಗೇ ಬಿಡುತ್ತಾನೆ. ಅವಳು ಅದನ್ನು ತಪ್ಪಾಗಿ ಅರ್ಥ ಮಾಡಿಕೊಂಡರೂ ನಡೆಯುತ್ತದೆ, ಅವಸರದಲ್ಲಿ ಮರೆತಿರಬೇಕು ಎಂದುಕೊಳ್ಳಲಿ. ಅವಳಿಗಿಂತ ಅರೆಗಳಿಗೆ ಮೊದಲು ಓದುವವರಿಗೆ ಗೊತ್ತಾದಾಗ ಸಿಗುವ ಖುಷಿ ಈ ಪ್ರಕಾರದ ದೊಡ್ಡ ಸುಖ. ಇಂಥ ಗುರುತು ಎರಡು ಸಾಕು, ಮೂರನೆಯದು ಬಂದರೆ ಅವಳು ದಡ್ಡಿಯಂತೆ ಕಾಣುತ್ತಾಳೆ.

ದೇಹದ ವಿಷಯದಲ್ಲಿ ಜಿಪುಣತನವೇ ಲೇಸು. ಕೋಣೆಯ ಆ ತುದಿ, ಕೈಯಳತೆಯ ದೂರ, ಸ್ಪರ್ಶ ಎಂದು ಮೂರು ದೂರಗಳಿವೆ ಅಂದುಕೊಂಡರೆ ಒಂದು ಕಿರುಗತೆಯಲ್ಲಿ ಒಂದು ಹೆಜ್ಜೆ ಮಾತ್ರ ಹತ್ತಿರ ತನ್ನಿ. ಮುಟ್ಟುವುದಿದ್ದರೆ ಒಮ್ಮೆ, ಅದೂ ಕೊನೆಯ ನೂರು ಪದದಲ್ಲಿ.

ಪದಗಳ ಹಂಚಿಕೆ, ಮುಕ್ತಾಯ

ಮೊದಲ 80 ಪದದಲ್ಲಿ ಸ್ಥಳ ಮತ್ತು ವಾಡಿಕೆ. 200ರವರೆಗೆ ಮೊದಲ ತಿಕ್ಕಾಟ. 350ರವರೆಗೆ ಗಮನದ ಮೊದಲೆರಡು ಮೆಟ್ಟಿಲು. 480ರವರೆಗೆ ಮೂರನೇ ಮೆಟ್ಟಿಲು ಮತ್ತು ತಿರುವು. ಉಳಿದ 120ರಲ್ಲಿ ಅದರ ಪರಿಣಾಮ. ಹೆಚ್ಚಿನವರು ಮೊದಲ 250 ಪದವನ್ನು ಮಳೆ, ಸಂಜೆ, ಹಿನ್ನೆಲೆಗಳಲ್ಲಿ ಕಳೆದು ತಿರುವನ್ನು ಎರಡು ವಾಕ್ಯದಲ್ಲಿ ಮುಗಿಸುತ್ತಾರೆ. ತಿರುವಿನ ದೃಶ್ಯವನ್ನು ಮೊದಲು ಬರೆದು ಆಮೇಲೆ ಹಿಂದಿನದನ್ನು ಬರೆದರೆ ಈ ತೊಂದರೆ ಬಹುಮಟ್ಟಿಗೆ ತಪ್ಪುತ್ತದೆ.

ಮುಕ್ತಾಯದಲ್ಲಿ ಎರಡನೆಯ ಪಾತ್ರ ತನ್ನಿಂದ ಆಗದ್ದನ್ನು ಮಾಡಲಿ. ಸುಧಾ ಕಾದಳು, ಇನ್ನು ವಿನಯ ಕೇಳಬೇಕು. ‘ನಾಲ್ಕನೇ ದೃಶ್ಯ ನನಗೆ ಪೂರ್ತಿ ಬರಲ್ಲ,’ ಎಂದು ಬಿಟ್ಟಿದ್ದ ಕುರ್ಚಿಯಲ್ಲಿ ಕೂತು, ‘ಹೇಳಿಕೊಡ್ತೀಯಾ?’ ಎನ್ನುತ್ತಾನೆ. ನಾಟಕವೆಲ್ಲ ಬಾಯಿಗೆ ಬರುವವನಿಗೆ ಇದು ನೆಪ ಅಷ್ಟೇ. ಸಹಾಯ ಕೇಳಿದ್ದು, ಕೆಲಸವಿಲ್ಲದ ಹೊತ್ತಲ್ಲಿ ಅವಳ ಬಳಿ ಕೂತದ್ದು, ಏಕವಚನಕ್ಕೆ ಇಳಿದದ್ದು ಮೂರೂ ಒಟ್ಟಿಗೆ ಆಗಿವೆ. ಇದರಾಚೆ ಒಂದು ವಾಕ್ಯವೂ ಬೇಡ. ಕೊನೆಯಲ್ಲಿ ಇಬ್ಬರೂ ಮೊದಲೇ ಗಂಡಹೆಂಡತಿ, ಇದೆಲ್ಲ ಕನಸು ಎಂಬ ಚಮತ್ಕಾರ ತಂದರೆ ಅಲ್ಲಿಯವರೆಗೆ ಕಟ್ಟಿದ ಸೆಳೆತವನ್ನು ನೀವೇ ಸುಳ್ಳು ಮಾಡಿದಂತೆ.

ತಿದ್ದುವಾಗ

ಮೊದಲ ಕರಡು 750–800 ಪದ ಬರಲಿ, ಆಮೇಲೆ 600ಕ್ಕೆ ಇಳಿಸಿ. ಕತ್ತರಿಸಬೇಕಾದ್ದನ್ನು ಹುಡುಕಲು ಪ್ರೀತಿ, ಒಲವು, ಹೃದಯ, ಭಾವನೆ, ಆಕರ್ಷಣೆ ಎಂಬ ಪದಗಳಿರುವ ವಾಕ್ಯಗಳನ್ನೆಲ್ಲ ಗುರುತು ಹಾಕಿ ತೆಗೆದು ಓದಿ. ಕಥೆ ಇನ್ನೂ ನಿಂತಿದ್ದರೆ ಅವು ಬೇಕಿರಲಿಲ್ಲ. ಕುಸಿದರೆ ಮೂರನೇ ಹಂತಕ್ಕೆ ಹಿಂದಿರುಗಿ, ಅಲ್ಲಿ ಗಮನ ಸಾಲದಾಗಿದೆ.

ಬಳಿಕ ಸಂಭಾಷಣೆಯಲ್ಲಿ ಇಬ್ಬರ ಮಾತನ್ನೂ ಅದಲುಬದಲು ಮಾಡಿ. ವ್ಯತ್ಯಾಸ ಗೊತ್ತಾಗದಿದ್ದರೆ ಇಬ್ಬರಿಗೂ ನಿಮ್ಮದೇ ಧ್ವನಿ ಬಂದಿದೆ. ಕೊನೆಯ ಪರೀಕ್ಷೆ ಎಲ್ಲಕ್ಕಿಂತ ಕಠಿಣ: ವಿನಯನ ಜಾಗದಲ್ಲಿ ಬೇರೆ ಯಾವನಾದರೂ ನಟನನ್ನು ನಿಲ್ಲಿಸಿ ನೋಡಿ. ಸುಧಾ ಆಗಲೂ ಅದನ್ನೇ ಮಾಡುತ್ತಿದ್ದಳಾದರೆ ಅದು ಅವಳ ಒಳ್ಳೆಯತನ, ಸೆಳೆತ ಅಲ್ಲ.

ಗಟ್ಟಿಯಾಗಿ ಓದಿ, 600 ಪದಕ್ಕೆ 5–6 ನಿಮಿಷ ಬೇಕಾಗುತ್ತದೆ. ನಾಲಿಗೆ ತೊಡರುವ ಕಡೆ ವಾಕ್ಯ ಒಡೆಯಿರಿ.

ಇದೇ ಕಥೆಯನ್ನು 100 ಪದಕ್ಕೆ ಇಳಿಸುವುದು ಒಳ್ಳೆಯ ಅಭ್ಯಾಸ. ಅಲ್ಲಿ ಮೊದಲ ತಿಕ್ಕಾಟ ಹೋಗುತ್ತದೆ, ಕುರ್ಚಿ ಹೋಗುತ್ತದೆ, ನಿರ್ದೇಶಕರ ಒಂದು ಮಾತು ಉಳಿಯುತ್ತದೆ. ವಾಡಿಕೆಗೆ 15 ಪದ, ತಿರುವಿಗೆ 60, ‘ಸಿಕ್ಕಿತ್ತು’ ಎಂದು ಮುಗಿಯುವ ಸಂಭಾಷಣೆಗೆ ಉಳಿದ 25.